ಇನ್ಶೂರೆನ್ಸ್ ಆಫೀಸರಿಗೊಂದು ನಂಟು

ಹೊನ್ನೂರಸ್ವಾಮಿ ಮಾಡಿದ ತಪ್ಪು ಒಂದೇ ಒಂದು. ಇನ್ಶೂರೆನ್ಸ್ ಆಫೀಸರು ಇವತ್ತು ಹನ್ನೊಂದು ಗಂಟೆಗೆ ಮನೆಗೆ ಬರುತ್ತಾರೆ ಅನ್ನುವ ಸುದ್ದಿಯನ್ನು ಎದುರುಮನೆಯ ದುರುಗಣ್ಣನಿಗೆ ಹೇಳಿಬಿಟ್ಟ. ಕಿಟಕಿಯಲ್ಲಿ ದುರುಗಣ್ಣನ ಮುಖ ಕಂಡಿತು, ಬಾಯಿ ತಡೆಯಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಆ ಬಾಯಿಯೇ ಹೊಣೆ. ಕಾಲಿನದೇನೂ ತಪ್ಪಿಲ್ಲ, ಪಾಪ, ಅದು ಆಗಲೇ ಮುರಿದು ಕಟ್ಟು ಹಾಕಿಸಿಕೊಂಡು ದಿಂಬಿನ ಮೇಲೆ ಮಲಗಿತ್ತು.

ಕಾಲು ಮುರಿದ ಕತೆ ಸಣ್ಣದು. ಹೊನ್ನೂರಸ್ವಾಮಿ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಟೇಲರು. ಮೂರು ವಾರದ ಹಿಂದೆ ಹತ್ತಿರದ ಮೋಕ ಊರಿನಲ್ಲಿ ಗೆಳೆಯನ ಗೃಹಪ್ರವೇಶವಿತ್ತು. ಒಂದು ದಿನವಾದರೂ ಸಾಹುಕಾರನಂತೆ ಹೋಗೋಣವೆಂದು ಮೊಬೈಲಿನ ಆ್ಯಪಿನಲ್ಲಿ ಆಟೊ ಕರೆಸಿದ. ಹತ್ತು ನಿಮಿಷ ಸಾಹುಕಾರಿಕೆ ನಡೆಯಿತು. ಆಮೇಲೆ ಮುಂದಿನ ಲಾರಿಯಿಂದ ಒಣಮೆಣಸಿನಕಾಯಿಯ ಮೂಟೆಯೊಂದು ಉರುಳಿತು, ಡ್ರೈವರ್ ಗಾಳೆಪ್ಪ ಹೌಹಾರಿ ಹ್ಯಾಂಡಲ್ ತಿರುಗಿಸಿದ, ಆಟೊ ಮಗುಚಿತು. ಎತ್ತಲು ಬಂದವರೆಲ್ಲ ಘಾಟಿಗೆ ಸೀನುತ್ತಲೇ ಎತ್ತಿದರು. ಒಮ್ಮೆ ಪೂರ್ತಿ ಮೇಲೆತ್ತಿ, ಎಲ್ಲರಿಗೂ ಒಟ್ಟಿಗೇ ಸೀನು ಬಂದು, ಕೈಬಿಟ್ಟರು. ಕಾಲು ಮುರಿದದ್ದು ಆಟೊದಿಂದ ಬಿದ್ದಾಗಲೋ ಸೀನಿನಿಂದ ಬಿದ್ದಾಗಲೋ ಹೊನ್ನೂರಸ್ವಾಮಿಗೇ ಗೊತ್ತಿಲ್ಲ.

ಆ್ಯಪಿನ ಸವಾರಿಗೆ ಪ್ರಯಾಣಿಕರ ವಿಮೆ ಇರುತ್ತದೆಂದು ಹೇಳಿ, ಆಸ್ಪತ್ರೆಗೇ ಬಂದು ಅರ್ಜಿ ತುಂಬಿಸಿದವನು ಆ ಗಾಳೆಪ್ಪನೇ. ಅಷ್ಟರಲ್ಲಿ ಕಾಲಿಗೆ ರಾಡು ಹಾಕಿಸಲು ಹೆಂಡತಿ ಪಂಪಾವತಿ ಕೊರಳಿನ ಗುಂಡಿನ ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟಾಗಿತ್ತು. ಅವಳ ತಾಯಿ ಹಾಕಿ ಕಳಿಸಿದ ಸರ ಅದು. ಈಗ ಅವಳು ಗಂಡನ ಮುಂದೆ ಬರುವಾಗಲೆಲ್ಲ ಸೆರಗನ್ನು ಕುತ್ತಿಗೆ ತುಂಬ ಹೊದ್ದುಕೊಳ್ಳುತ್ತಿದ್ದಳು. ಕಾಲಿನ ನೋವಿಗೆ ಮಾತ್ರೆ ಇತ್ತು. ಆ ಸೆರಗು ಕಂಡಾಗ ಆಗುವ ನೋವಿಗೆ ಕ್ಲೇಮಿನ ಹಣವೊಂದೇ ಔಷಧಿ ಎಂದು ಹೊನ್ನೂರಸ್ವಾಮಿ ದಿನ ಎಣಿಸುತ್ತಿದ್ದ.

ದುರುಗಣ್ಣ ರಿಟೈರಾದ ಬಸ್ ಕಂಡಕ್ಟರು. ಸುದ್ದಿ ಕೇಳಿದ ಐದೇ ನಿಮಿಷಕ್ಕೆ ಹಳೆಯ ಬಿಳಿ ಪಂಚೆ ಹಿಡಿದುಕೊಂಡು ಬಂದ.

“ಬರೇ ಕಾಲು ತೋರಿಸಿದ್ರ ಏನ್ ಕೊಡ್ತಾರಲೇ? ಅವ್ರು ಅರ್ಧ ಕಡಿಯೋರು. ನಾವು ಡಬಲ್ ತೋರಿಸ್ಬೇಕು. ತಲಿ ಇತ್ಲಾಗ ಕೊಡು!”

“ದುರುಗಣ್ಣ, ತಲಿಗೆ ಏನೂ ಆಗಿಲ್ಲೋ...”

“ಆಗಿಲ್ಲಾಂತ ನೀನ್ಯಾಕ ಹೇಳಾಕ ಹೋಗ್ತಿ? ಸುಮ್ಕಿರು.”

ಪಂಚೆ ಪರಪರ ಹರಿಯಿತು. ತಲೆಗೆ ನಾಲ್ಕು ಸುತ್ತು, ಕುತ್ತಿಗೆಗೆ ಎರಡು, ಎಡಗೈಗೊಂದು ಜೋಲಿ. ಹಾಲು ಕಾಯಿಸುತ್ತಿದ್ದ ಪಂಪಾವತಿ ಹೊರಗೆ ಬಂದು ನೋಡಿ, “ಯವ್ವಾ! ಮತ್ತ ಯಾವಾಗ ಬಿದ್ರಿ?” ಎಂದು ಕಿರುಚಿದಳು. ಹಾಲು ಉಕ್ಕಿ ಒಲೆ ತುಂಬಿತು.

ಆ ಕಿರುಚಾಟಕ್ಕೆ ಪಕ್ಕದ ಮನೆಯ ಹನುಮಮ್ಮ ಓಡಿ ಬಂದಳು. ಎಪ್ಪತ್ತು ದಾಟಿದ ಮುದುಕಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸುತ್ತಿನ ಯಾರನ್ನೇ ನಿಲ್ಲಿಸಿದರೂ ಮೂರನೇ ಪ್ರಶ್ನೆಗೆ ನಂಟು ಹಚ್ಚುವ ಗಟ್ಟಿಗಿತ್ತಿ. ಒಮ್ಮೆ ಬಸ್ಸಿನಲ್ಲಿ ಟಿಕೆಟ್ ತಪಾಸಣೆಗೆ ಬಂದವನನ್ನೇ ಅಳಿಯನನ್ನಾಗಿ ಮಾಡಿಕೊಂಡು ಇಳಿದವಳು.

“ಬಟ್ಟಿ ಸುತ್ತಿದ್ರ ರೊಕ್ಕ ಬರತಾವೇನೋ?” ಎಂದು ದುರುಗಣ್ಣನನ್ನು ಗದರಿಸಿದಳು. “ಆಫೀಸರ ಅಂದ್ರ ಆಕಾಶದಿಂದ ಉದುರಿರ್ತಾನೇನು? ಯಾವ್ದೋ ತಾಯಿ ಹೆತ್ತಿರ್ತಾಳ. ಆಕಿ ತವರು ಯಾವ್ದಂತ ನನಗ ಗೊತ್ತಾದ್ರ ಸಾಕು. ನಂಟಸ್ತನ ಹಚ್ಚಿ ಕೊಡ್ತೀನಿ. ನಂಟರ ಫೈಲು ಯಾರ್ ತಡೀತಾರ?”

ಹತ್ತೂವರೆಗೇ ಬಾಗಿಲಲ್ಲಿ ಇನ್‌ಶರ್ಟ್ ಮಾಡಿದವನೊಬ್ಬ ಬ್ಯಾಗು ಹಿಡಿದು ನಿಂತ. ಹನುಮಮ್ಮ ಅವನಿಗೆ ಬಾಯಿ ತೆರೆಯಲೂ ಬಿಡದೆ ಕುರ್ಚಿಯಲ್ಲಿ ಕೂರಿಸಿದಳು. ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ ಬಂತು, ಮೇಲೆ ಎರಡು ಮಿರ್ಚಿ. ಊರು ಸಿರುಗುಪ್ಪ, ಅಜ್ಜಿಯ ತವರು ಮೋಕ ಎಂದು ಹೊರಬಿದ್ದೇಬಿಟ್ಟಿತು. “ಹಂಗಂದ್ರ ನೀ ನನಗ ಮೊಮ್ಮಗ ಆಗಬೇಕು!” ಎಂದು ಹನುಮಮ್ಮ ಅವನ ಗಲ್ಲ ಹಿಡಿದಳು. ಹೊನ್ನೂರಸ್ವಾಮಿ ದುರುಗಣ್ಣ ಹೇಳಿಕೊಟ್ಟ ಹಾಗೆ ನರಳುತ್ತಲೇ ಇದ್ದ. ಬಂದವನು ಎರಡನೇ ಮಿರ್ಚಿ ಮುಗಿಸಿ ಕೈ ಒರೆಸಿಕೊಂಡ.

“ಭಾಳ ಚಲೋ ಆತು ಬೇ ಅಜ್ಜಿ. ಮೀಟರ್ ಎಲ್ಲೈತಿ?”

ಕರೆಂಟಿನ ಮೀಟರ್ ಓದುವವನು! ಮೊಮ್ಮಗನಾದರೂ ಬಿಲ್ಲು ಕೊಟ್ಟೇ ಹೋದ. ಮಂಡಕ್ಕಿಯೂ ಖಾಲಿಯಾಯಿತು.

ಹನ್ನೊಂದಕ್ಕೆ ಸರಿಯಾಗಿ ನಿಜವಾದ ಆಫೀಸರು ಬಂದ. ಹೆಸರು ಶಶಿಕಾಂತ್, ಮೂವತ್ತರೊಳಗಿನ ವಯಸ್ಸು, ನಗುವೇ ಇಲ್ಲದ ಮುಖ. ಪಂಪಾವತಿ ನೀರು ತಂದರೆ, “ಬ್ಯಾಡ್ರಿ. ತನಿಖಿಗೆ ಬಂದಲ್ಲಿ ನೀರೂ ಮುಟ್ಟಂಗಿಲ್ಲ, ರೂಲ್ಸ್ ಐತ್ರಿ,” ಎಂದ. ಹನುಮಮ್ಮ, “ಯಾವೂರಪ್ಪಾ ನಿಮ್ದು?” ಎಂದು ಶುರು ಮಾಡಿದಳು. ಅವನು ಫೈಲಿನಿಂದ ತಲೆ ಎತ್ತದೆ, “ಅಜ್ಜಿ, ಪ್ರಶ್ನೆ ಕೇಳೋದು ನನ್ ಕೆಲ್ಸ,” ಅಂದ. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಹನುಮಮ್ಮನ ಬಾಯಿ ಕಟ್ಟಿತು.

ಶಶಿಕಾಂತ್ ಆಸ್ಪತ್ರೆಯ ಕಾಗದ ನೋಡಿದ, ಹಾಸಿಗೆಯ ಮೇಲಿದ್ದ ಬಟ್ಟೆಯ ಗಂಟನ್ನು ನೋಡಿದ. “ಇಲ್ಲಿ ಕಾಲು ಅಂತ ಬರದೈತಿ. ತಲಿಗೇನಾತು?”

ದುರುಗಣ್ಣ ಹಿಂದಿನಿಂದ ಕಣ್ಣು ಹೊಡೆಯುತ್ತಿದ್ದ. ಹೊನ್ನೂರಸ್ವಾಮಿಗೆ ಬಾಗಿಲ ಸಂದಿಯಲ್ಲಿ ಹೆಂಡತಿ ಕಂಡಳು. ಸುಳ್ಳು ಹೇಳಿ ತಂದ ಸರವನ್ನು ಅವಳ ಕೊರಳಿಗೆ ಹೇಗೆ ಹಾಕುವುದು? ನಾಚಿಕೆಯಾಯಿತು. ತಲೆಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದ.

“ತಲಿಗೆ ಏನೂ ಆಗಿಲ್ರಿ ಸರ್. ಕುತ್ತಿಗಿಗೂ ಇಲ್ಲ, ಕೈಗೂ ಇಲ್ಲ. ಇದು ದುರುಗಣ್ಣನ ಪಂಚಿ. ನಂದು ಕಾಲೊಂದೇರಿ.”

ದುರುಗಣ್ಣ ಹಣೆ ಚಚ್ಚಿಕೊಂಡ. ಶಶಿಕಾಂತನ ಮುಖದಲ್ಲಿ ಮೊದಲ ಸಲ ನಗು ಬಂತು.

“ಆರು ವರ್ಷದ ಸರ್ವೀಸ್ನಾಗ ತಾನಾಗೇ ಪಟ್ಟಿ ಬಿಚ್ಚಿದವ್ರು ನೀವೊಬ್ರೇ. ಡ್ರೈವರ್ ಗಾಳೆಪ್ಪನೂ ಇದ್ದದ್ದು ಇದ್ದಂಗ ಬರದು ಕೊಟ್ಟಾನ. ಕಾಗದ ಎಲ್ಲಾ ಸರಿ ಅದಾವ. ಪೂರ್ತಿ ಕೊಡಬಹುದಂತ ಬರೀತೀನಿ. ಹದಿನೈದು ದಿನದಾಗ ರೊಕ್ಕ ಬರತಾವ.”

ಹೊನ್ನೂರಸ್ವಾಮಿಗೆ ಎದ್ದು ಕುಣಿಯಬೇಕೆನಿಸಿತು. ಪಂಪಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟಕ್ಕೇ ಎಲ್ಲರೂ ಸುಮ್ಮನಿದ್ದಿದ್ದರೆ ಈ ಕತೆಯನ್ನು ಯಾರೂ ಹೇಳಬೇಕಾಗಿರಲಿಲ್ಲ.

ಸಹಿ ಹಾಕಲು ಶಶಿಕಾಂತ್ ಪೆನ್ನು ತೆಗೆಯುವಷ್ಟರಲ್ಲಿ ಹನುಮಮ್ಮ ಚೇತರಿಸಿಕೊಂಡಳು. “ಇಂಥಾ ಚಿನ್ನದಂಥ ಹುಡುಗನ್ನ ಹೆತ್ತ ತಾಯಿ ಯಾರಪ್ಪಾ? ಹೆಸರರ ಹೇಳು, ಕೈ ಮುಗೀತೀನಿ.”

ತಾಯಿಯ ಮಾತು ಬಂದರೆ ಯಾರ ರೂಲ್ಸು ನಿಲ್ಲುತ್ತದೆ? “ಊರಮ್ಮ ಅಂತ ಬೇ. ನಾವು ಕುರುಗೋಡಿನವ್ರು. ಅವ್ವನ ತವರು ಕೆಂಚನಗುಡ್ಡ.”

ಒಳಗೆ ಲೋಟ ಬಿದ್ದ ಸದ್ದಾಯಿತು. ಪಂಪಾವತಿ ಹೊರಗೆ ಬಂದಳು, ಮಾತು ತೊದಲುತ್ತಿತ್ತು. “ಊರಮ್ಮ ಚಿಕ್ಕವ್ವನ ಮಗನೇನ ನೀನು? ಹೊಳಿ ದಂಡಿಗೆ ನಾ ಎತ್ಕೊಂಡು ಅಡ್ಡಾಡ್ತಿದ್ದ ಶಶಿ?”

ಅವನೇ! ಇವರಿಬ್ಬರ ತಾಯಂದಿರು, ಒಡಹುಟ್ಟಿದ ಅಕ್ಕತಂಗಿಯರು, ಒಂದು ಮದುವೆಯಲ್ಲಿ ಸೀರೆಯ ಮಾತಿಗೆ ಜಗಳವಾಡಿ ಇಪ್ಪತ್ತೆರಡು ವರ್ಷ ಮುಖ ನೋಡಿರಲಿಲ್ಲ. ಮಕ್ಕಳ ಬಳಕೆಯೂ ಅಲ್ಲಿಗೇ ತಪ್ಪಿತ್ತು. ಶಶಿಕಾಂತ್ ಕುರ್ಚಿ ಸರಿಸಿ ಎದ್ದು, “ಪಂಪಕ್ಕಾ!” ಎಂದು ಅವಳ ಕಾಲು ಮುಟ್ಟಿದ. ಇಬ್ಬರೂ ಅತ್ತರು. ದುರುಗಣ್ಣನೂ ಪಂಚೆಯ ಚೂರಿನಲ್ಲಿ ಮೂಗೊರೆಸಿಕೊಂಡ. ಇಷ್ಟು ಸಂತೋಷದಲ್ಲಿ ಹೆಂಡತಿಯನ್ನು ಹೊನ್ನೂರಸ್ವಾಮಿ ಮದುವೆಯ ದಿನವೂ ಕಂಡಿರಲಿಲ್ಲ. ಹನುಮಮ್ಮ ಮಾತ್ರ ಗೆದ್ದ ಪೈಲ್ವಾನನಂತೆ ನಿಂತಿದ್ದಳು.

ರೊಟ್ಟಿ, ಎಣ್ಣೆಬದನೆಕಾಯಿ ಪಲ್ಯ ಎಲ್ಲಾ ಆಯಿತು. ನೀರೂ ಮುಟ್ಟದ ಆಫೀಸರು ಮೂರು ರೊಟ್ಟಿ ಮುಟ್ಟಿದ. ಕೈ ತೊಳೆದು ಬಂದು ಫೈಲು ತೆಗೆದು, ಒಂದು ಸಾಲು ಓದಿ, ಪೆನ್ನಿನ ಕ್ಯಾಪು ಹಾಕಿಬಿಟ್ಟ.

“ಭಾವ, ನನಗ ಸಹಿ ಮಾಡಾಕ ಬರಂಗಿಲ್ಲ.”

“ಯಾಕಪ್ಪಾ?”

“ಅರ್ಜಿದಾರ ನನ್ನ ಸಂಬಂಧಿಕ ಅಲ್ಲಂತ ಇಲ್ಲಿ ಪ್ರಮಾಣ ಮಾಡಬೇಕು. ತಾಸಿನ ಹಿಂದ ಮಾಡ್ತಿದ್ನಿ. ಈಗ ಅಕ್ಕನ ಮನಿ ರೊಟ್ಟಿ ತಿಂದು ಹೆಂಗ ಮಾಡ್ಲಿ? ನೀವೇ ಪಟ್ಟಿ ಬಿಚ್ಚಿ ಖರೇ ಹೇಳಿದ್ರಿ, ನಾ ಸುಳ್ಳು ಬರೀಲೇನು? ಫೈಲು ಬ್ಯಾರೆ ಆಫೀಸರಿಗೆ ಹೋಗ್ತೈತಿ. ಮೊದಲಿಂದ ತನಿಖಿ. ಆರು ತಿಂಗಳರ ಬೇಕು.”

ಹೊನ್ನೂರಸ್ವಾಮಿ ಹನುಮಮ್ಮನ ಕಡೆ ನೋಡಿದ. ಹನುಮಮ್ಮ ಸೂರಿನ ಕಡೆ ನೋಡಿದಳು. ಪಂಪಾವತಿ ಬಂದು ಗಂಡನ ಪಕ್ಕ ಕೂತು ಮೆಲ್ಲಗೆ ಹೇಳಿದಳು: “ಇರ್ಲಿ ಬಿಡ್ರಿ. ಸರ ಆರು ತಿಂಗಳು ತಡ ಆಗಿ ಬರ್ಲಿ. ಇಪ್ಪತ್ತೆರಡು ವರ್ಷದ ಮ್ಯಾಲೆ ತಮ್ಮ ಬಂದಾನ.” ಆ ಮಾತಿಗೆ ಸಿಟ್ಟಾಗುವುದು ಹೇಗೆ? ಅವನು ಅವಳ ಕೈ ಹಿಡಿದು, ಆರು ತಿಂಗಳಿಗೂ ಹೂಂ ಅಂದ.

ಶಶಿಕಾಂತ್ ಚಪ್ಪಲಿ ಮೆಟ್ಟುತ್ತಾ ಸಮಾಧಾನ ಹೇಳಿದ. “ಚಿಂತಿ ಮಾಡಬ್ಯಾಡ್ರಿ ಭಾವ. ಮುಂದ ಬರೋ ವಿರೂಪಾಕ್ಷಿ ಭಾಳ ಒಳ್ಳೆಯವ. ಸಿರುಗುಪ್ಪದಾವ.”

“ನಿನಗ ಪರಿಚಯೇನಪ್ಪಾ?” ಹೊನ್ನೂರಸ್ವಾಮಿ ಆಸೆಯಿಂದ ಕೇಳಿದ.

“ಪರಿಚಯ ಏನ್ ಬಂತು, ನನ್ ಹೆಂಡ್ತಿ ಅಣ್ಣ!”

“ಅಯ್ಯ, ಹಂಗಂದ್ರ ನಮಗ ಬೀಗ್ರಾದ್ರು!” ಪಂಪಾವತಿ ಚಪ್ಪಾಳೆ ತಟ್ಟಿದಳು. “ಬರೋ ಐತವಾರ ಊಟಕ್ಕ ಕರ್ಕೊಂಡು ಬಾ.”

ಹೊನ್ನೂರಸ್ವಾಮಿ ದುರುಗಣ್ಣನ ಪಂಚೆಯ ಚೂರುಗಳನ್ನು ಹುಡುಕಿ, ಈ ಸಲ ತಾನೇ ತಲೆಗೆ ಸುತ್ತಿಕೊಳ್ಳತೊಡಗಿದ. ನಿಜವಾಗಿಯೂ ನೋಯುತ್ತಿತ್ತು.