ಅಧ್ಯಕ್ಷರು ಕಂಡುಹಿಡಿದ ಕೆಂಪು

ಜಲವರ್ಣ ಬಳಗದವರನ್ನು ಮೊದಲ ಸಲ ನೋಡಿದಾಗ ನಾನು ಅವರನ್ನು ಸರ್ವೆ ಇಲಾಖೆಯವರೆಂದು ತಿಳಿದಿದ್ದೆ. ತಪ್ಪು ನನ್ನದಲ್ಲ. ಭಾನುವಾರ ಬೆಳಿಗ್ಗೆ ಸಾಣಾಪುರದ ಕೆರೆಯ ದಂಡೆಯಲ್ಲಿ ಎಂಟು-ಹತ್ತು ಜನ ಬಂಡೆಗಳ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಮುಂದೆ ಚಾಚಿ ಗುಡ್ಡವನ್ನು ಅಳೆಯುತ್ತಿದ್ದರು. ಆ ಕೆರೆಯ ರಸ್ತೆಯ ಬದಿಗೆ ಎರಡು ಗುಂಟೆ ಜಾಗ ಕೊಂಡು ಕೂತವನಿಗೆ ಮತ್ತೇನು ಹೊಳೆಯಬೇಕು? ರಸ್ತೆ ಅಗಲ ಮಾಡುತ್ತಾರೆ, ನನ್ನ ಎರಡು ಗುಂಟೆ ಹೋಯಿತು!

ಹನುಮನಹಳ್ಳಿಯವರೆಗೆ ಗಾಡಿ ಓಡಿಸಿ ಹತ್ತು ಎಳನೀರು ತಂದೆ. ಗುಂಪಿನಲ್ಲಿ ಹಿರಿಯರಂತೆ ಕಂಡ ಬಿಳಿಗಡ್ಡದವರ ಮುಂದೆ ಒಂದನ್ನು ಹಿಡಿದು, ಇಪ್ಪತ್ತೆರಡು ವರ್ಷದ ಗುಮಾಸ್ತಗಿರಿಯ ವಿನಯವನ್ನೆಲ್ಲ ಬೆನ್ನಿಗೆ ತಂದುಕೊಂಡು ಕೇಳಿದೆ:

"ಸಾಹೇಬರ, ಆ ಗೆರಿ ಒಂಚೂರು ಆ ಕಡಿ ಸರಿಸಾಕ ಬರ್ತದೇನ್ರಿ?"

ಅವರು ನನ್ನನ್ನು ನೋಡಿದರು, ಹಲಗೆ ನೋಡಿದರು, ಗುಡ್ಡ ನೋಡಿದರು. "ಖರೇ ಹೇಳಿದ್ರಿ ನೋಡ್ರಿ. ಗುಡ್ಡ ಭಾಳ ಎಡಕ್ಕ ಬಂದೈತಿ" ಎಂದವರೇ ರಬ್ಬರು ತೆಗೆದು ಆ ಗುಡ್ಡವನ್ನೇ ಅಳಿಸಿ ಅರ್ಧ ಇಂಚು ಬಲಕ್ಕೆ ಸರಿಸಿಬಿಟ್ಟರು. ಒಂದು ಎಳನೀರಿಗೆ ಗುಡ್ಡ ಸರಿಸುವ ಅಧಿಕಾರಿಯನ್ನು ನಾನು ನೌಕರಿಗೆ ಸೇರಿದಾಗಿನಿಂದ ಕಂಡಿರಲಿಲ್ಲ.

ಅವರು ಬಾಬಾಸಾಬ ಮಾಸ್ತರರು, ನಿವೃತ್ತ ಚಿತ್ರಕಲಾ ಶಿಕ್ಷಕರು ಎಂದು ತಿಳಿಯುವ ಹೊತ್ತಿಗೆ ಎಳನೀರು ಖಾಲಿಯಾಗಿದ್ದವು. ಜಾಗದ ಚಿಂತೆಯಿಂದ ಬಂದೆ ಎಂದು ಹೇಳಲು ನಾಚಿಕೆಯಾಗಿ, "ನನಗೂ ಚಿತ್ರಕಲಾ ಅಂದ್ರ ಭಾಳ ಪ್ರೀತಿರಿ" ಎಂದುಬಿಟ್ಟೆ. ಹೀಗೆ ನಾನು ಕಲಾವಿದನಾದೆ. ಮೂರೇ ತಿಂಗಳಲ್ಲಿ ಬಳಗದ ಅಧ್ಯಕ್ಷನೂ ಆದೆ. (ಸಭೆಯ ನಡಾವಳಿ ಬರೆಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಚಿತ್ರ ಬರೆಯಲು ನನ್ನೊಬ್ಬನಿಗೆ ಬರುತ್ತಿರಲಿಲ್ಲ. ಕೆಲಸ ಹಂಚಿಕೆ ಸರಿಯಾಗಿಯೇ ಆಯಿತು.)

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಗಂಗಾವತಿಯ ನಮ್ಮ ಓಣಿಗೆ ಎರಡೂ ಕಡೆ ಬೊಂಬು ಕಟ್ಟಿದರು. ನಾನು ತಕ್ಷಣ ಬಳಗದ ವಾಟ್ಸಾಪಿಗೆ ಸುತ್ತೋಲೆ ಹೊರಡಿಸಿದೆ: "ಸರ್ವ ಸದಸ್ಯರೂ ಸ್ವಗೃಹದಲ್ಲಿಯೇ ಆಸೀನರಾಗಿ ಕಲಾರಾಧನೆ ಮುಂದುವರಿಸತಕ್ಕದ್ದು. ಪ್ರತಿ ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಚಿತ್ರ ಕಳಿಸತಕ್ಕದ್ದು."

ಎಲ್ಲರೂ ಕಳಿಸಿದರು. ಬಾಬಾಸಾಬ ಮಾಸ್ತರರು ಪ್ರತಿ ಚಿತ್ರಕ್ಕೂ ತೀರ್ಪು ಬರೆಯುತ್ತಿದ್ದರು. ಎದುರುಮನೆಯ ಝೆರಾಕ್ಸ್ ಅಂಗಡಿಯ ದುರಗೇಶ ನೀರಿನ ಕೊಡ ಬರೆದರೆ, "ಛಲೋ. ನೆರಳು ಹೌದ ಐತಿ, ಇದ್ದಂಗ ಬಂದೈತಿ." ನರ್ಸ್ ನೇತ್ರಾವತಿ ಕಿಟಕಿ ಬರೆದರೆ, "ಭಾಳ ಛಲೋ." ಅಧ್ಯಕ್ಷರಾದ ನಾನು ಬರೆದರೆ ಒಂದು ಹೆಬ್ಬೆರಳು. ಮಾತಿಲ್ಲ, ಕತೆಯಿಲ್ಲ, ಬರೀ ಹಳದಿ ಹೆಬ್ಬೆರಳು. ಮೂರು ವಾರಕ್ಕೆ ಮೂರು ಹೆಬ್ಬೆರಳು. ಅಧ್ಯಕ್ಷನಿಗೇ 'ಛಲೋ' ಸಿಗದಿದ್ದರೆ ಬಳಗದಲ್ಲಿ ಮಾನ ಉಳಿಯುವುದು ಹೇಗೆ? ನನಗೆ ಬೇಕಾಗಿದ್ದದ್ದು ಅದೊಂದೇ ಮಾತು. ಅದಕ್ಕಾಗಿ ನಿದ್ದೆಗೆಟ್ಟೆ.

ಮನೆಯಲ್ಲಿ ಸಹಕಾರವೂ ಅಷ್ಟಕ್ಕಷ್ಟೆ. ಮೂರನೆಯ ವಾರ ತಟ್ಟೆಯಲ್ಲಿ ಐದು ಬದನೆಕಾಯಿ ಜೋಡಿಸಿ, ಬೆಳಕು ನೋಡಿ, ಎರಡು ಬರೆದು ಕೈತೊಳೆದು ಬರುವಷ್ಟರಲ್ಲಿ ತಟ್ಟೆ ಖಾಲಿ.

"ಅನುಸೂಯಾ! ನನ್ನ ಬದನಿಕಾಯಿ ಎಲ್ಲಿ?"

"ಎಣ್ಣಿಗಾಯಿ ಆಗಾಕತ್ತಾವ."

"ಇನ್ನೂ ಮೂರು ಬರೀಬೇಕಿತ್ತಲ್ಲ!"

"ನೋಡಿ ಬರೀರಿ. ಒಲಿ ಮ್ಯಾಲೆ ಅದಾವ."

ಹೆಬ್ಬೆರಳು ಬಂದದ್ದರಲ್ಲಿ ಆಶ್ಚರ್ಯವೇನು?

ನಾಲ್ಕನೆಯ ವಾರದ ವಿಷಯ 'ಮನೆಯವರ ಮುಖ'. ಅನುಸೂಯಾಳನ್ನು ಎರಡು ತಾಸು ಅಲುಗಾಡದೆ ಕೂರಲು ಕೇಳಿದೆ. "ಹಂಗ ಕುಂದ್ರಾಕ ನನಗ ಮದುವಿ ಆದಾಗಿಂದ ಪುರಸೊತ್ತು ಆಗಿಲ್ಲ" ಎಂದಳು. ಉಳಿದವರು ಒಬ್ಬರೇ, ನಮ್ಮ ಅತ್ತೆ ಫಕೀರಮ್ಮ.

ಅತ್ತೆ ಎಂದರೆ ಸಾಮಾನ್ಯ ಅತ್ತೆಯಲ್ಲ. ಅನುಸೂಯಾಳ ತಾಯಿ, ನನ್ನ ಅಪ್ಪನ ಅಕ್ಕ. ಎರಡೂ ಹುದ್ದೆ ಒಬ್ಬರದೇ ಪ್ರಭಾರದಲ್ಲಿ. ಅಳಿಯನಿಗೆ ಕೊಡಬೇಕಾದ ಮರ್ಯಾದೆಯನ್ನು, ನಾನು ಚಡ್ಡಿಯಿಲ್ಲದೆ ಓಡಾಡಿದ್ದನ್ನು ಕಂಡವರೆಂಬ ಕಾರಣಕ್ಕೆ ಅವರು ಎಂದೋ ರದ್ದು ಮಾಡಿದ್ದರು. ಯುಗಾದಿಗೆಂದು ಎರಡು ದಿನಕ್ಕೆ ಕುಷ್ಟಗಿ ಕಡೆಯ ತಮ್ಮ ಹಳ್ಳಿಯಿಂದ ಬಂದವರು, ಬಸ್ಸು ನಿಂತು, ಒಂದು ಸೀರೆ ಮತ್ತು ಒಂದು ಎಲೆಯಡಿಕೆ ಸಂಚಿಯೊಂದಿಗೆ ನಮ್ಮಲ್ಲೇ ಸಿಕ್ಕಿಬಿದ್ದಿದ್ದರು. ಎಲೆ ಮುಗಿದು ವಾರವಾಗಿತ್ತು. ಅಡಿಕೆಯ ನಾಲ್ಕು ಚೂರು, ಹಿತ್ತಾಳೆಯ ಪುಟ್ಟ ಡಬ್ಬಿಯಲ್ಲಿ ಅರ್ಧ ಸುಣ್ಣ, ಇಷ್ಟೇ ಸಂಚಿಯ ಶಿಲ್ಕು. ದುರಗೇಶನ ಹಿತ್ತಲಿನಲ್ಲಿ ಎಲೆಬಳ್ಳಿ ಹಬ್ಬಿತ್ತು. ಅತ್ತೆ ದಿನಾ ನಮ್ಮ ಮಾಳಿಗೆ ಹತ್ತಿ ಅದನ್ನು ನೋಡಿ ಇಳಿದು ಬರುತ್ತಿದ್ದರು.

"ಕೇಳ್ರಲ್ಲ ಅತ್ತಿ, ನಾಕು ಎಲಿ ಕೊಡ್ತಾರ."

"ಅಳಿಯನ ಊರಾಗ ಕೈ ಚಾಚ್ಲೇನೋ? ಸುಣ್ಣ ಐತಿ, ಎಲಿ ಎಂದಾರ ಬಂದಾವು. ಅಲ್ಲೀತನಕ ಈ ಡಬ್ಬೀನ ಯಾರೂ ಮುಟ್ಟಬ್ಯಾಡ್ರಿ."

ಅತ್ತೆ ಕೂರಲು ಒಪ್ಪಿದರು. ಆದರೆ ಹಳದಿ ಬಣ್ಣ ಮುಗಿದಿತ್ತು. (ಮೊದಲೆರಡು ವಾರ ಮಾಗಿದ ಭತ್ತದ ಗದ್ದೆ ಬರೆದದ್ದರ ಪರಿಣಾಮ.) ಅಂಗಡಿಗಳು ಬಂದ್. ಕಷಾಯಕ್ಕೆಂದು ಅನುಸೂಯಾ ಬಚ್ಚಿಟ್ಟ ಅರಿಷಿಣದಲ್ಲಿ ಎರಡು ಚಮಚ ಕದ್ದು ನೀರಲ್ಲಿ ಕದಡಿದೆ. ಏನು ಬಣ್ಣ! ಅತ್ತೆಯ ಹಣೆ, ಮೂಗು, ಮೂಗುಬಟ್ಟು, ಕೆನ್ನೆ, ಕತ್ತು, ಎಲ್ಲವೂ ಬಂಗಾರವಾಗುತ್ತ ಬಂತು. ಆ ಹುರುಪಿನಲ್ಲಿ ತಲೆಗೂದಲನ್ನೂ ಬಂಗಾರ ಮಾಡಿಬಿಟ್ಟೆ.

ಆಮೇಲೆ ನೆನಪಾಯಿತು, ಅತ್ತೆಯ ತಲೆ ಪೂರ್ತಿ ಬಿಳಿ.

"ಜಲವರ್ಣದಾಗ ಬಿಳಿ ಬಣ್ಣ ಹಚ್ಚೋದಿಲ್ರಿ, ಬಿಳಿ ಬೇಕಾದಲ್ಲಿ ಕಾಗದ ಖಾಲಿ ಬಿಡ್ರಿ" ಎಂಬುದು ಬಾಬಾಸಾಬ ಮಾಸ್ತರರ ಮೊದಲ ಪಾಠ. ನನಗೆ ಆ ಪಾಠ ಹತ್ತಲೇ ಇಲ್ಲ. ಕಚೇರಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟ ಅರ್ಜಿಯನ್ನು ತಿರಸ್ಕರಿಸುತ್ತ ಕೂದಲು ಹಣ್ಣಾದವನು, ಕಾಗದ ಖಾಲಿ ಬಿಡುವುದೆಂದರೇನು?

ಗಂಟೆ ಹನ್ನೊಂದೂವರೆ. ಅತ್ತೆ ಕೂತಲ್ಲೇ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಅವರ ಮಗ್ಗುಲಲ್ಲಿ ಸಂಚಿ, ಸಂಚಿಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಹಾಲಿನಂಥ ಬಿಳಿ.

ಒಂದೇ ಬೆರಳಿನಷ್ಟು ತೆಗೆದೆ. ನೀರು ಹಾಕಿ ಅತ್ತೆಯ ಬೈತಲೆಯ ಮೇಲೆ ಹಚ್ಚಿದೆ. ಹಚ್ಚಿದ ಕಡೆಯೆಲ್ಲ ಕೆಂಪಾಯಿತು! ಕಾಗದ ಹಸಿಯಿತ್ತು, ಕೆಂಪು ಬೈತಲೆಯಿಂದ ಹಣೆಗೆ, ಹಣೆಯಿಂದ ಮೂಗಿಗೆ ಇಳಿಯಿತು. ಹಗಲುಹೊತ್ತಿನಲ್ಲಿ ಅತ್ತೆಯ ತಲೆ ಒಡೆದವನಂತೆ ನಾನು ಬೆವತೆ. ಬಿಳಿ ಸಾಲದೆ ಹೀಗಾಯಿತೇನೋ, ಇನ್ನಷ್ಟು ಹಾಕಿದರೆ ಮುಚ್ಚೀತು ಎಂದು ಇನ್ನಷ್ಟು ಹಾಕಿದೆ. ಇನ್ನಷ್ಟು ಕೆಂಪಾಯಿತು. ಡಬ್ಬಿಯ ತಳ ಕೆರೆದು ಹಾಕಿದೆ. ಕಾಗದದ ಮೇಲೆ ಅತ್ತೆ ಈಗ ಉದಯಿಸುವ ಸೂರ್ಯ.

ಕುಕ್ಕರಿನ ಸೀಟಿ ನಿಲ್ಲಿಸಿ ಬಂದ ಅನುಸೂಯಾ ಬಾಗಿಲಲ್ಲೇ ನಿಂತಳು.

"ಅಯ್ಯ ನಮ್ಮವ್ವ! ಏನ ಮಾಡೀರಿ ಇದು?"

"ಬಣ್ಣ ತಾನ ಕೆಂಪ ಆತು. ನಾ ಬಿಳಿ ಹಾಕಿದ್ನಿ, ದೇವರಾಣಿಗೂ!"

"ಅರಿಷಿಣಕ್ಕ ಸುಣ್ಣ ಹಚ್ಚಿದ್ರ ಕೆಂಪ ಆಗದ ಹಸರ ಆಗ್ತದೇನ್ರಿ? ಮದುವ್ಯಾಗ ನಿಮಗ ಆರತಿ ಎತ್ತಿದ್ದು ಏನಂತ ತಿಳಕೊಂಡಿದ್ರಿ?"

"ಕುಂಕುಮದ ನೀರು ಅಂತ…"

"ಇಪ್ಪತ್ತು ವರ್ಷದಿಂದ?" ಎಂದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡಿಗೆಮನೆಯಿಂದ ಬಹಳ ಹೊತ್ತು ಪಾತ್ರೆಗಳ ಸದ್ದಿನ ನಡುವೆ ನಗು ಕೇಳುತ್ತಿತ್ತು.

ಹನ್ನೆರಡಕ್ಕೆ ಮೂರು ನಿಮಿಷ. ಗಡುವು ವಿಧಿಸಿದ ಅಧ್ಯಕ್ಷನೇ ಗಡುವು ತಪ್ಪಿಸಲಾದೀತೆ? ಫೋಟೊ ತೆಗೆದು, ಒಂದಕ್ಷರವೂ ಬರೆಯದೆ ಕಳಿಸಿ, ಫೋನನ್ನು ಬೋರಲು ಹಾಕಿ ಕಣ್ಣು ಮುಚ್ಚಿದೆ.

ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ನಿಲ್ಲಲೇ ಇಲ್ಲ. ತೆಗೆದು ನೋಡಿದರೆ ಸಾಲುಸಾಲು ಮುಗಿದ ಕೈಗಳು. ದುರಗೇಶ ಬರೆದಿದ್ದ: "ಹುಲಿಗೆಮ್ಮ ತಾಯಿ ಸಾಕ್ಷಾತ್! ಅಧ್ಯಕ್ಷರ, ನಮ್ಮವ್ವ ಫೋನಿಗೇ ಊದಿನಕಡ್ಡಿ ಹಚ್ಯಾಳ." ನೇತ್ರಾವತಿ: "ಗುಡಿ ಬಾಗಿಲಾ ಹಾಕಿದ ಹೊತ್ತಿನ್ಯಾಗ ತಾಯೀನ ಮನೀಗೆ ಕರಕೊಂಡ ಬಂದ್ರಿ. 'ಮನೆಯವರ ಮುಖ' ಅಂದ್ರ ಇದು!" ಎಲ್ಲಕ್ಕಿಂತ ಕೆಳಗೆ ಬಾಬಾಸಾಬ ಮಾಸ್ತರರು: "ಭಾಳ ಭಾಳ ಛಲೋ. ಈ ಕೆಂಪು ನಾ ಎಲ್ಲೂ ನೋಡಿಲ್ಲ. ಸಂಜಿ ಐದಕ್ಕ ವಿಡಿಯೊದಾಗ ಎಲ್ಲಾರಿಗೂ ಹೇಳಿಕೊಡ್ರಿ."

ಒಂದಲ್ಲ, ಎರಡು 'ಭಾಳ'! ನಿಜ ಹೇಳಿಬಿಡಬೇಕೆಂದು ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಯೋಚಿಸುತ್ತಿರುವಾಗಲೇ ಬೆರಳು "ಎಲ್ಲಾ ತಾಯಿಯ ಪ್ರೇರಣೆ" ಎಂದು ಟೈಪು ಮಾಡಿಬಿಟ್ಟಿತು. (ಸುಳ್ಳೇನಲ್ಲ. ನನ್ನ ಹೆಂಡತಿಯ ತಾಯಿ.)

ಮಧ್ಯಾಹ್ನ ಊಟಕ್ಕೆ ಕೂತಾಗ ದುರಗೇಶನ ತಾಯಿ ಹನುಮಂತಮ್ಮ ಮೂಗಿನವರೆಗೆ ಸೆರಗು ಕಟ್ಟಿಕೊಂಡು ಬಂದು, ನಮ್ಮ ಕಟ್ಟೆಯ ಮೇಲೆ ಒಂದು ತಟ್ಟೆ ಇಟ್ಟು ದೂರ ಸರಿದು ನಿಂತರು. ತಟ್ಟೆಯಲ್ಲಿ ಕಾಯಿ, ಹೂವು, ಐದು ಅಡಿಕೆ, ಬಳ್ಳಿಯಿಂದ ಆಗಷ್ಟೇ ಕೊಯ್ದ ಒಂದು ಹಿಡಿ ಎಲೆ.

"ಹುಣ್ಣಿವಿಗೆ ಹುಲಿಗಿ ಗುಡಿಗೆ ಹೋಗೋದು ತಪ್ಪಿಸಿದಾಕಿ ಅಲ್ಲ ನಾ. ಈ ಸಲ ನೀವು ಬರದ ತಾಯಿ ಚಿತ್ರದ ಮುಂದ ಇದನ್ನ ಇಡ್ರಿ."

ಇಡುವ ಪ್ರಮೇಯ ಬರಲಿಲ್ಲ. ಅತ್ತೆ ಊಟದ ಎಂಜಲುಗೈ ತೊಳೆದು, ಆ ತಟ್ಟೆಯನ್ನು ಒಳಗೆ ಒಯ್ದು, ಎಲೆಗಳನ್ನು ಒಂದೊಂದಾಗಿ ಸೀರೆಗೆ ಒರೆಸಿ ಸಂಚಿಗೆ ತುಂಬಿದರು. "ಕೇಳದನ ಬಂದ್ವು ನೋಡು" ಎಂದು ನನ್ನತ್ತ ನೋಡಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಯುಗಾದಿಯಿಂದೀಚೆಗೆ ಕಂಡಿರಲಿಲ್ಲ. ನಾನು ತಲೆ ತಗ್ಗಿಸಿ ರೊಟ್ಟಿಯನ್ನು ಚೂರುಚೂರು ಮಾಡುತ್ತ ಕೂತೆ. ಅನುಸೂಯಾ ಮಾತ್ರ, "ರೀ, ಇನ್ನೊಂದು ರೊಟ್ಟಿ ಹಾಕ್ಕೊಳ್ರಿ, ಸಂಜಿತನಕ ಶಕ್ತಿ ಬೇಕಾಗ್ತದ" ಎಂದಳು.

ಅತ್ತೆ ಆಗಲೇ ಡಬ್ಬಿ ತೆರೆಯಲಿಲ್ಲ. ಇಷ್ಟು ದಿನದ ಮೇಲೆ ಬಂದ ಎಲೆಯನ್ನು ಮಲಗಿ ಎದ್ದು, ಚಹಾ ಕುಡಿದು, ಬಾಯಿ ಮುಕ್ಕಳಿಸಿ, ಸಾವಧಾನವಾಗಿ ಹಾಕಬೇಕೆಂದು ತೀರ್ಮಾನಿಸಿದ್ದರು.

ಸಂಜೆ ಐದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಿತ್ರವನ್ನು ಕುರ್ಚಿಯ ಬೆನ್ನಿಗೆ ಆನಿಸಿ, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಕೂತೆ. ಪರದೆಯ ತುಂಬ ಮುಖಗಳು. ದುರಗೇಶನ ಚೌಕದಲ್ಲಿ ಹನುಮಂತಮ್ಮ ಕೈಮುಗಿದೇ ಕೂತಿದ್ದರು.

"ಅಧ್ಯಕ್ಷರ, ಹೇಳ್ರಿ. ಈ ಕೆಂಪು ಯಾವ ಬಣ್ಣ? ಹ್ಯಾಂಗ ಕೂಡಿಸಿದ್ರಿ?" ಬಾಬಾಸಾಬ ಮಾಸ್ತರರು ವಹಿ, ಪೆನ್ನು ಹಿಡಿದಿದ್ದರು.

ನಾನು ಗಂಟಲು ಸರಿಮಾಡಿಕೊಂಡೆ. "ನೋಡ್ರಿ, ಕೆಂಪನ್ನು ನಾವು ಕೂಡಿಸುವುದಲ್ಲ. ಅದು ಕಲಾವಿದನ ಅಂತರಂಗದಿಂದ ತಾನಾಗಿಯೇ ಹೊರಹೊಮ್ಮಬೇಕು…"

"ಯಾರೋ ನನ್ನ ಸುಣ್ಣ ಖಾಲಿ ಮಾಡಿದಾವ?"

ಅಂತರಂಗ ಅಲ್ಲಿಗೆ ನಿಂತಿತು. ಅತ್ತೆ ಒಂದು ಕೈಯಲ್ಲಿ ಎಲೆ, ಇನ್ನೊಂದರಲ್ಲಿ ಬಾಯ್ತೆರೆದ ಡಬ್ಬಿ ಹಿಡಿದು ಬಂದವರು, ನೇರ ಚಿತ್ರದ ಮಗ್ಗುಲಿಗೇ ನಿಂತರು. ಅದೇ ಮೂಗು, ಅದೇ ಮೂಗುಬಟ್ಟು, ಒಂದು ಕೆಂಪು, ಒಂದು ಕಪ್ಪು. ಪರದೆಯ ಮೇಲೆ ಹತ್ತು ಮುಖಗಳು ಮೊದಲು ಅತ್ತ ನೋಡಿದವು, ಆಮೇಲೆ ಇತ್ತ. ಹನುಮಂತಮ್ಮನ ಮುಗಿದ ಕೈ ಮೆಲ್ಲಗೆ ಬಿಟ್ಟುಕೊಂಡಿತು.

ಅತ್ತೆ ಚಿತ್ರದ ಹಣೆಯನ್ನು ಉಗುರಿನಿಂದ ಕೆರೆದು, ನಾಲಗೆಯ ತುದಿಗೆ ಮುಟ್ಟಿಸಿ ನೋಡಿದರು.

"ನಂದ ಐತಿ ಸುಣ್ಣ! ಅರಿಷಿಣ ಬ್ಯಾರೆ ಕೂಡಿಸ್ಯಾನ. ಇದೇನಲೇ ವಿರುಪಾಕ್ಷಿ, ನನ್ನ ಮಾರೀನ ಆರತಿ ತಾಟ ಮಾಡೀದಿ?"

ಮೊದಲು ನಕ್ಕವರು ನೇತ್ರಾವತಿ. ಆಮೇಲೆ ಬಳಗದ ಎಲ್ಲ ಹೆಂಗಸರೂ. (ಅರಿಷಿಣ-ಸುಣ್ಣ ಕೂಡಿದರೆ ಕೆಂಪೆಂದು ಅವರಿಗೆಲ್ಲ ಗೊತ್ತಿತ್ತು ನೋಡಿ, ಎಲ್ಲರಿಗೂ! ಗೊತ್ತಿಲ್ಲದವರು ನಾವು ಗಂಡಸರಷ್ಟೇ.) ಬಾಬಾಸಾಬ ಮಾಸ್ತರರು ನಗುತ್ತ ನಗುತ್ತ ಪರದೆಯಿಂದ ಹೊರಗೇ ಹೋಗಿಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ತಿರುಗಿ ಬಂದು, ಚಿತ್ರವನ್ನೂ ಅತ್ತೆಯನ್ನೂ ದಿಟ್ಟಿಸಿ ನೋಡಿದರು.

"ಅಧ್ಯಕ್ಷರ, ಅದೆಲ್ಲ ಇರ್ಲಿ. ಮೂಗು ಮಾತ್ರ ಹೌದ ಐತ್ರಿ."

ಹನುಮಂತಮ್ಮ ಎದ್ದು ಹೋಗಿ, ಎರಡು ನಿಮಿಷದಲ್ಲಿ ತಮ್ಮ ಸುಣ್ಣದ ಡಬ್ಬಿಯನ್ನೇ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟರು. ಕೊಟ್ಟ ಎಲೆ ವಾಪಸು ಕೇಳಲಿಲ್ಲ. "ಎಲಿ ಹಾಕ್ಕೊಳ್ರಿ ಯಕ್ಕ, ತಾಯಿ ಯಾರ ಬಾಯಿಲೆ ತಿಂದ್ರೇನು" ಎಂದಷ್ಟೇ ಅಂದು ಹೋದರು.

ಸಭೆ ಮುಗಿದ ಮೇಲೆ ಮನೆ ಶಾಂತವಾಯಿತು. ಅತ್ತೆ ಕಟ್ಟೆಯ ಮೇಲೆ ಕೂತು, ಎಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅವರ ತುಟಿ ನನ್ನ ಚಿತ್ರದ ಬಣ್ಣಕ್ಕೇ ತಿರುಗುತ್ತಿತ್ತು. ಎರಡೂ 'ಭಾಳ' ಕಳೆದುಕೊಂಡಿದ್ದ ನನಗೆ ಒಂದು ಮೂಗು ಉಳಿದಿತ್ತು. ಅದನ್ನೇ ಹಿಡಿದುಕೊಂಡು ಅವರ ಮಗ್ಗುಲಿಗೆ ಕೂತೆ. ಮನುಷ್ಯನಿಗೆ ಬುದ್ಧಿ ಬರುವುದಿಲ್ಲ.

"ಅತ್ತಿ, ಖರೇ ಹೇಳ್ರಿ. ನನ್ನ ಕೈಯಾಗ ಕಲಾ ಐತಿ ಅಲ್ಲ?"

ಅತ್ತೆ ಒಂದು ಕಣ್ಣು ತೆರೆದು, ನನ್ನ ಬಲಗೈ ಹಿಡಿದು, ತಿರುವಿ, ಬೆರಳಿನ ಉಗುರುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ನಿನ್ನ ಕೈಯಾಗ ನನ್ನ ಸುಣ್ಣ ಐತಿ. ಕೆರದು ಡಬ್ಬ್ಯಾಗ ಹಾಕು."