ಮಗಳು ಕೇಳಿದ ಚೀಜ್

ಮೂರು ವರ್ಷ ಸಂಗೀತ ಕಲಿತು ಮೂವತ್ತು ವರ್ಷ ಅದನ್ನು ಹೇಳಿಕೊಂಡು ತಿರುಗುವವರಿದ್ದಾರೆ. ಅವರಲ್ಲಿ ನಾನೂ ಒಬ್ಬಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಗೆ ಮುಂಚೆ ಧಾರವಾಡದಲ್ಲಿ ಒಬ್ಬ ವಯಸ್ಸಾದ ಗುರುಗಳ ಮುಂದೆ ಕೂತು ನಾಲ್ಕು ರಾಗ ಕಲಿತೆ. ಆಮೇಲೆ ಗಂಡನ ಹಿಂದೆ ಹೈದರಾಬಾದಿಗೆ ಬಂದೆ. ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೆಲಸ ಸಿಕ್ಕಿತು. ದಿನವಿಡೀ ಲೋಹದ ತುಂಡುಗಳನ್ನು ಅಳತೆಯ ಗೇಜಿಗೆ ತೂರಿಸುವುದು. ಹೊಕ್ಕರೆ ಪಾಸು, ಸಿಕ್ಕಿಕೊಂಡರೆ ರಿಜೆಕ್ಟು. ಈ ಚಾಳಿ ಮನೆಗೂ ಬಂತು. ಟಿವಿಯಲ್ಲೋ ಕ್ಯಾಬಿನಲ್ಲೋ ಯಾವ ಇಂಗ್ಲಿಷ್ ಹಾಡು ಕೇಳಿದರೂ ನಾನು ರಾಗದ ಗೇಜು ತೆಗೆಯುತ್ತೇನೆ. "ಇದು ನಮ್ಮದು, ಕೇಳದೆ ಒಯ್ದಾರ" ಎನ್ನುತ್ತೇನೆ. ವಿಲಾಯತಿಯ ಆ ಉದ್ದ ಕೂದಲಿನ ಗಿಟಾರಿನವರು ಒಂದು ಕಾಲದಲ್ಲಿ ಸಿತಾರಿನ ಹುಚ್ಚು ಹಿಡಿಸಿಕೊಂಡು ನಮ್ಮ ದೇಶಕ್ಕೆ ಬಂದುಹೋದದ್ದು ಎಲ್ಲರಿಗೂ ಗೊತ್ತು. ಹೋಗುವಾಗ ಚೀಲದಲ್ಲಿ ಏನೇನು ತುಂಬಿಕೊಂಡರು ಎಂಬುದು ಮಾತ್ರ ನನ್ನೊಬ್ಬಳಿಗೇ ಗೊತ್ತು ಎನ್ನುವ ಧಾಟಿ ನನ್ನದು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಶಾಲ್ಮಲಾ ರಾಕ್ ಬ್ಯಾಂಡಿನಲ್ಲಿ ಹಾಡುತ್ತಾಳೆ. ಆರು ವರ್ಷದವಳಿದ್ದಾಗ ಅವಳನ್ನು ತಂಬೂರಿಯ ಮುಂದೆ ಕೂರಿಸಿದ್ದೆ. ಎರಡನೆಯ ದಿನವೇ ಮಂಚದ ಕೆಳಗೆ ಅಡಗಿಕೊಂಡಳು. ಕಲಿತದ್ದು ನಾಲ್ಕೇ ರಾಗವಾದರೂ ಅವು ನನ್ನೊಂದಿಗೇ ಮುಗಿಯುತ್ತವಲ್ಲ ಎಂದು ಆವತ್ತು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಆ ನೋವು ಪೂರ್ತಿ ಹೋಗಿರಲಿಲ್ಲ. ಈಗ ನೋಡಿದರೆ ಮಾದಾಪುರದಲ್ಲಿ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದ ಕೋಣೆ ಕೈತಪ್ಪಿ, ಭಾನುವಾರ ಮಧ್ಯಾಹ್ನ ಡ್ರಮ್ಮು, ಗಿಟಾರುಗಳ ಸಮೇತ ಎಲ್ಲರೂ ನಾಚಾರಂನ ನಮ್ಮ ಮನೆಯ ಪಡಸಾಲೆಗೇ ಬಂದು ಇಳಿಯತೊಡಗಿದರು.

ಮೊದಲನೆಯ ಭಾನುವಾರ ಗಿಟಾರಿನ ಅಜರ್ ಏನೋ ನುಡಿಸುತ್ತಿದ್ದ. ನಾನು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು, "ಇದು ನಮ್ಮ ಕೀರವಾಣಿ! ಕದ್ದಾರ!" ಎಂದು ಘೋಷಿಸಿದೆ. ಶಾಲ್ಮಲಾ ಶಾಂತವಾಗಿ, "ಅಮ್ಮಾ, ಇದು ಜರ್ಮನಿ ಕಡೀ ಹಳೇ ಚರ್ಚಿನ ಸಂಗೀತದಿಂದ ಬಂದದ್ದು. ಅವರ ಸ್ವರ, ನಮ್ಮ ಕೀರವಾಣಿ ಸ್ವರ ಒಂದ ಅದಾವ, ಅಷ್ಟ. ಮತ್ತ ಕೀರವಾಣಿನೂ ನಿಮ್ಮ ಹಿಂದೂಸ್ತಾನಿಯವರು ದಕ್ಷಿಣದವರ ಕಡಿಂದ ತಂದದ್ದಂತ, ಖರೇ ಏನು?" ಎಂದಳು. ಖರೆ. ನನ್ನ ಗುರುಗಳೇ ಹೇಳಿದ್ದರು; ನಾನು ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆ. ಚಪಾತಿ ಹೊತ್ತುತ್ತಿದೆ ಎಂಬ ನೆವದಿಂದ ಒಳಗೆ ಹೋದೆ.

ಎರಡನೆಯ ಭಾನುವಾರ ಅದಕ್ಕಿಂತ ದೊಡ್ಡ ಫಜೀತಿ. ನಮ್ಮ ಕಡೆ ಸಂಗೀತ ಕೇಳುವಾಗ ಸುಮ್ಮನೆ ಕೂರುವುದು ಹಾಡುವವರಿಗೆ ಮಾಡುವ ಅವಮಾನ. ಒಳ್ಳೆಯ ಜಾಗ ಬಂದರೆ "ವಾಹ್" ಎನ್ನಲೇಬೇಕು. ಹಾಗಾಗಿ, ಅಜರ್ ನುಡಿಸುವುದನ್ನು ನಡುವೆ ನಿಲ್ಲಿಸಿ, "ಇಧರ್ ವಾ ಹೋನಾ", ಇಲ್ಲಿ ವಾ ಬೇಕು, ಎಂದಾಗ, ಪಾಪ, ಹುಡುಗನಿಗೆ ಉತ್ತೇಜನ ಬೇಕಾಗಿದೆ ಎಂದುಕೊಂಡೆ. ಅವನು ಮತ್ತೆ ಅದೇ ಜಾಗಕ್ಕೆ ಬಂದ ಕೂಡಲೇ ಎದೆ ತುಂಬಿ "ವಾಹ್! ವಾಹ್!" ಎಂದು ಕೂಗಿದೆ. ಡ್ರಮ್ಮಿನ ದೇಶಪಾಂಡೆ ಕೈಯಲ್ಲಿನ ಕೋಲು ಬೀಳಿಸಿದ. ವಾ ಎನ್ನುವುದು ಕಾಲಿನಿಂದ ಒತ್ತುವ ಒಂದು ಪೆಡಲಂತೆ. ಒತ್ತಿದರೆ ಗಿಟಾರು ಹಸುಗೂಸಿನ ಹಾಗೆ ವಾ ವಾ ಎಂದು ರಾಗ ಎಳೆಯುತ್ತದೆ. ಅಜರ್ ಮಾತ್ರ ಮರ್ಯಾದಸ್ಥ. "ಆಂಟಿಕಾ ವಾ ಜ್ಯಾದಾ ಅಚ್ಛಾ ಹೈ", ಪೆಡಲಿಗಿಂತ ಆಂಟಿಯ ವಾಹ್ ಚೆನ್ನಾಗಿದೆ, ಎಂದ.

ಆ ಸಂಜೆಯೇ ಶಾಲ್ಮಲಾ ಅಡುಗೆಮನೆಗೆ ಬಂದಳು. "ಅಮ್ಮಾ, ಮುಂಜಾನೆ ಡಬ್ಬಿ ಕಟ್ಟುವಾಗ ನೀ ಭೈರವ ರಾಗದಾಗ ಒಂದು ಗುನಗತೀಯಲಾ, ಆ ಚೀಜ್ ನಮಗ ಕೊಡತೀಯೇನು? ನಮ್ಮ ಹೊಸಾ ಹಾಡಿನ ನಡುವ ಹಾಕತೀವಿ. ಮುಂದಿನ ತಿಂಗಳು ಸಿಕಂದರಾಬಾದಿನಾಗ ನಮ್ಮ ಮೊದಲನೇ ಪ್ರೋಗ್ರಾಂ ಐತಿ."

ಚೀಜ್ ಎಂದರೆ ಗುರು ಬಾಯಿಂದ ಬಾಯಿಗೆ ಕೊಟ್ಟ ಹಾಡು. ಮಗಳು ಹದಿನೈದು ವರ್ಷಗಳಲ್ಲಿ ಮೊದಲ ಸಲ ನನ್ನ ಸಂಗೀತ ಬೇಕೆಂದು ಕೇಳಿದ್ದಳು. ಕುಣಿಯಬೇಕಾದವಳು ನಾನು, "ಡ್ರಮ್ಮಿನ ನಡುವ ಹಾಕಾಕ ಅದೇನು ಉಪ್ಪಿನಕಾಯೇನು? ಆಗೂದಿಲ್ಲ!" ಎಂದು ಚೀರಿದೆ. ಅವಳ ಮುಖ ಸಣ್ಣದಾಯಿತು. ಪೇಪರಿನ ಹಿಂದಿನಿಂದ ನಮ್ಮ ಮನೆಯವರು, "ಇಷ್ಟು ವರ್ಷ ಕೇಳದ ಒಯ್ದ್ರು, ಕೇಳದ ಒಯ್ದ್ರು ಅಂತ ಒದರಿದಿ. ಇವತ್ತ ಒಬ್ಬಾಕಿ ಕೇಳಿ ಒಯ್ಯಾಕ ಬಂದ್ರ ಬಾಗಲಾ ಹಾಕಿದಿ" ಎಂದರು. ರಾಯಚೂರಿನವರು, ಬಿಸಿಲಿನ ಹಾಗೆ ನೇರ ನೆತ್ತಿಗೇ ಹೊಡೆಯುತ್ತಾರೆ.

ನಿಜವಾದ ಕಾರಣ ಅವರಿಗೆ ಗೊತ್ತಿರಲಿಲ್ಲ. ಚೀಜಿಗೆ ಎರಡು ಭಾಗ. ಮೊದಲನೆಯದು ಅಸ್ಥಾಯಿ, ಎರಡನೆಯದು ಅಂತರಾ. ನನಗೆ ನೆನಪಿದ್ದದ್ದು ಬೆಳಗಾಯಿತು ಏಳು ಎನ್ನುವ ಅಸ್ಥಾಯಿ ಮಾತ್ರ. ಅಂತರಾ ಯಾವಾಗಲೋ ಮರೆತುಹೋಗಿತ್ತು. ಕೇಳೋಣವೆಂದರೆ ಗುರುಗಳಿಲ್ಲ. ಮೂವತ್ತು ವರ್ಷ ಮೆರೆದವಳ ಬಳಿ ಇದ್ದದ್ದು ಅರ್ಧ ಹಾಡು ಎಂದು ಮಗಳಿಗೆ ಹೇಗೆ ಹೇಳಲಿ? ಅವಳು ಈಗ ತಿರುಗಿ ಹೋದರೆ ಇನ್ನೊಮ್ಮೆ ಬರುವುದಿಲ್ಲ ಎಂಬುದೂ ಗೊತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಅಂತರಾ ನೆನಪಿಸಿಕೊಳ್ಳುತ್ತಿದ್ದೆ. ಬರಲಿಲ್ಲ. ಬಸ್ಸು ಎಂದಿನಂತೆ ಕಾರ್ಖಾನೆಯ ಸ್ಟೋರ್ಸ್ ವಿಭಾಗದ ಲಕ್ಷ್ಮಿಯ ಮನೆಯ ಮುಂದೆ ನಿಂತಿತ್ತು. ಅವಳು ಎಂದಿನಂತೆ ಹೊರಗೆ ಬಂದಿರಲಿಲ್ಲ. ಡ್ರೈವರ್ ಹಾರ್ನಿನ ಮೇಲೆ ಕೈಯಿಟ್ಟಿದ್ದ. ತಾರಸ್ಥಾಯಿಯ ಆ ಹಾರ್ನಿನ ಸ್ವರ ಹಿಡಿದು ನನ್ನ ಬಾಯಿಂದ ತಾನಾಗಿಯೇ ಹೊರಟಿತು: "ದ್ವಾರ ಖಡೋ ರಥ, ಅಬ ಕಾಹೇ ದೇರ." ಬಾಗಿಲಲ್ಲಿ ರಥ ನಿಂತಿದೆ, ಇನ್ನೇಕೆ ತಡ. ಕಾರ್ಖಾನೆಯ ಗೇಟು ಮುಟ್ಟುವಷ್ಟರಲ್ಲಿ ಹೊಸದೊಂದು ಅಂತರಾ ಸಿದ್ಧವಾಗಿತ್ತು. ಗೇಜಿಗೆ ಹಾಕಿ ನೋಡಿದೆ. ಭೈರವಕ್ಕೆ ಸರಿಯಾಗಿ ಹೊಕ್ಕಿತು. ಸಂಜೆ ಮಗಳನ್ನು ಕೂರಿಸಿಕೊಂಡು, "ಪೂರಾ ಚೀಜ್ ತೊಗೊ" ಎಂದೆ.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ನೂರಾರು ಹುಡುಗ ಹುಡುಗಿಯರು. ಕಿವಿ ಮುಚ್ಚಿಕೊಳ್ಳಲು ತಂದಿದ್ದ ಹತ್ತಿ ಕೈಯಲ್ಲೇ ಉಳಿಯಿತು. ಅಂತರಾ ಬಂದಾಗ ಡ್ರಮ್ಮು ನಿಂತಿತು, ಗಿಟಾರು ನಿಂತಿತು. ನನ್ನ ಮಗಳ ಧ್ವನಿಯೊಂದೇ "ದ್ವಾರ ಖಡೋ ರಥ" ಎಂದು ಏರಿತು. ಎರಡನೆಯ ಆವೃತ್ತಿಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಬಂದು ಬಿದ್ದವು. ಅರ್ಥ ತಿಳಿಯದ ಆ ಮಕ್ಕಳೆಲ್ಲ ಕೈಯೆತ್ತಿ ಅದೇ ಸಾಲು ಹಾಡಿದರು. ನಾನು ಮನಸಾರೆ ಅತ್ತೆ.

ಮುಗಿದ ಮೇಲೆ ಡ್ರಮ್ಮಿನ ಹುಡುಗನ ಅಜ್ಜ ಹುಡುಕಿಕೊಂಡು ಬಂದರು. ಧಾರವಾಡದವರು, ದೊಡ್ಡ ದೊಡ್ಡ ಗಾಯಕರನ್ನು ಕೇಳಿದ ಕಿವಿ. "ತಂಗೀ, ಅಸ್ಥಾಯಿ ಬಿಡು, ಅಂಥಾವು ಭಾಳ ಕೇಳೀನಿ. ಆದ್ರ ಆ ಅಂತರಾ! ಕರಿಯಾಕ ರಥ ಬಂದು ನಿಂತೈತಿ, ಜೀವಾ ಇನ್ನೂ ಸಂಸಾರ ಬಿಡಾಕ ತಡಾ ಮಾಡಾಕತ್ತೈತಿ. ಎಂಥಾ ವೈರಾಗ್ಯ! ಹಳೇ ಮಂದಿನ ಕಟ್ಟಬೇಕು ಇಂಥಾದ್ದು" ಎಂದು ಕಣ್ಣೊರೆಸಿಕೊಂಡರು.

ಅದು ಲಕ್ಷ್ಮಿ ಜಡೆ ಹಾಕಿಕೊಳ್ಳಲು ಮಾಡುವ ತಡ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಾಲ್ಮಲಾ ನನ್ನ ಹೆಗಲ ಮೇಲೆ ಕೈಹಾಕಿ, "ಅಮ್ಮನ ಗುರುಗಳದು ಅಜ್ಜಾ, ಭಾಳ ಹಳೇದು. ನಾವು ಕೇಳಿ ತೊಗೊಂಡೀವಿ" ಎಂದಳು. ಆ ಮುಖದಲ್ಲಿದ್ದ ಹೆಮ್ಮೆ ನೋಡಿ ತೆರೆದ ಬಾಯಿ ಮುಚ್ಚಿದೆ. ಅವರಿವರ ಹಾಡು ತಮ್ಮದೆನ್ನುವವರನ್ನು ಹಿಡಿಯುತ್ತಲೇ ಬಂದವಳು ನನ್ನ ಹಾಡನ್ನು ಗುರುಗಳ ಹೆಸರಿಗೆ ದಾಟಿಸಿದ್ದೆ. ಈ ಅಪರಾಧಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ.

"ಅಮ್ಮಾ," ಆಟೋದಲ್ಲಿ ಮಗಳು ಕೇಳಿದಳು, "ನಿನ್ನ ಗುರುಗಳು ಇಂಥಾವು ಇನ್ನೂ ಕಲಿಸ್ಯಾರೇನು? ನಾ ದಿನಾ ಕೂತು ಕಲೀತೀನಿ."

"ಐದಾರು ಅದಾವ" ಎಂದೆ.

ಈಗ ನಾನು ಬಸ್ಸಿಗೆ ಹತ್ತು ನಿಮಿಷ ಮುಂಚೆಯೇ ಹೋಗಿ ನಿಲ್ಲುತ್ತೇನೆ. ಕಿಟಕಿಯ ಪಕ್ಕದ ಸೀಟು ಸಿಗದಿದ್ದರೆ ಗುರುಗಳು ನೆನಪಾಗುವುದಿಲ್ಲ.