ಬಂದವರ ಬೀದಿ

ನಿಜವನ್ನು ಜಗಲಿಯ ಮೇಲೆ ಕೂತು ಹೇಳಬಹುದು, ಬೀದಿಯಲ್ಲಿ ನಿಂತು ಹೇಳಬಾರದು ಎಂಬುದು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು. ಕೂತು ಹೇಳಿದರೆ ಅದನ್ನು ಮಾತುಕತೆ ಎನ್ನುತ್ತಾರೆ, ಕಾಫಿ ಕೊಡುತ್ತಾರೆ. ಅದೇ ಮಾತನ್ನು ನಾಲ್ಕು ಜನ ಪರವೂರಿನವರ ಮುಂದೆ ನಿಂತು ಹೇಳಿದರೆ ದ್ರೋಹ ಎನ್ನುತ್ತಾರೆ, ಹಿಂದೆ ಕೊಟ್ಟಿದ್ದ ಕಾಫಿಯನ್ನೂ ನೆನಪಿಸುತ್ತಾರೆ. ನನ್ನ ವಿಷಯದಲ್ಲಿ ಎರಡೂ ಆಯಿತು.

ನಾನು ದೊಡ್ಡಬಳ್ಳಾಪುರದ ಹಳೇ ಪೇಟೆಯ ಒಂದು ಮಗ್ಗದ ಬೀದಿಯಲ್ಲಿ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಬಿ.ಎ. ಓದಿದ್ದೇನೆ. ಆದರೆ ಕುಚ್ಚು ಕಟ್ಟುವಾಗ ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಆಗಾಗ ಹೇಳಿಕೊಳ್ಳುತ್ತೇನೆ. ಹಿಂದೂಪುರದ ಕಡೆಯಿಂದ ಮದುವೆಯಾಗಿ ಬಂದು ಈ ಬೀದಿ ಸೇರಿದೆ. ನನ್ನ ಅತ್ತೆ ಬದುಕಿರುವವರೆಗೂ ನೆಂಟರಿಗೆ ನನ್ನನ್ನು ‘ನಮ್ಮ ಹಿಂದೂಪುರದ ಸೊಸೆ’ ಎಂದೇ ಪರಿಚಯಿಸುತ್ತಿದ್ದರು. ಅವರಿಗೆ ಬೇರೆ ಊರಿನ ಬೇರೆ ಸೊಸೆಯೇನೂ ಇರಲಿಲ್ಲ. ನನ್ನ ಯಜಮಾನರು ನಾಗರಾಜು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದವರು. ಮನೆಯಲ್ಲಿ ಇರುವಷ್ಟು ಹೊತ್ತೂ ನಿದ್ದೆ ಮಾಡುತ್ತಾರೆ, ಇಲ್ಲವೇ ಫೋನು ನೋಡುತ್ತಾರೆ. ನಾನು ನಿದ್ದೆಯಲ್ಲಿ ತೆಲುಗಿನಲ್ಲಿ ಬೈಯುತ್ತೇನಂತೆ. ಯಾರನ್ನು ಎಂದು ಕೇಳಿದರೆ ಅವರು ಹೇಳುವುದಿಲ್ಲ.

ನಮ್ಮ ಬೀದಿಯ ವಿಶೇಷವೇನೆಂದರೆ, ಯಾರ ಮನೆಗೆ ಹೋದರೂ ಊರು ಬಿಟ್ಟು ಇಲ್ಲಿಗೆ ಬಂದ ಕಥೆಯೊಂದು ಸಿಗುತ್ತದೆ. ಮೊದಲ ಮನೆಯ ಗಂಗಾಧರಪ್ಪನವರು ಬೀದಿಗೆಲ್ಲ ಹಿರಿಯರು, ಹಿಂದಿನ ಶೆಡ್ಡಿನಲ್ಲಿ ಆರು ಮಗ್ಗ ಇಟ್ಟವರು. ಅವರ ತಾತ ಪೆನುಕೊಂಡದ ಆಚೆಯಿಂದ ಕೈಮಗ್ಗವನ್ನು ಬಿಚ್ಚಿ ಎತ್ತಿನ ಗಾಡಿಗೆ ಹೇರಿಕೊಂಡು ಬಂದವರು. ನಡುದಾರಿಯಲ್ಲಿ ಗಾಡಿ ಮಗುಚಿ, ಮಗ್ಗದ ಮರ ಹೊಳೆಯಲ್ಲಿ ತೇಲಿ ಹೋಗುತ್ತಿದ್ದಾಗ ಅಜ್ಜಿ ಸೀರೆ ಎತ್ತಿಕಟ್ಟಿ ನೀರಿಗೆ ಹಾರಿದರಂತೆ. ಈ ಕಥೆಯನ್ನು ಅವರು ಜಗಲಿಯ ಮೇಲೆ ಹೇಳುವಾಗ ಹೊಳೆ ವರ್ಷವರ್ಷಕ್ಕೂ ಅಗಲವಾಗುತ್ತಿತ್ತು. ಎದುರುಮನೆಯ ಸೆಲ್ವಿ ನನ್ನ ಜೀವದ ಗೆಳತಿ. ಅವಳ ಮಾವನ ಮನೆಯವರು ಸೇಲಂ ಕಡೆಯಿಂದ ನೂಲಿನ ವ್ಯಾಪಾರಕ್ಕೆಂದು ಬಂದು ನಿಂತವರು. ಮೂಲೆಮನೆಯ ದಸ್ತಗೀರ್ ಸಾಹೇಬರು ನೂಲಿಗೆ ಬಣ್ಣ ಹಾಕುವವರು, ಅವರ ಮುತ್ತಜ್ಜ ಆರ್ಕಾಟಿನವರು. ಇವೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಸೀರೆ ತರಲು ಹೋದಾಗ ಅವರೇ ಹೇಳಿದ್ದು.

ಹೀಗಿರುವಾಗ ನನ್ನ ಅಣ್ಣನ ಮಗಳು ಕಾವ್ಯ ಫೋನು ಮಾಡಿದಳು. ಬೆಂಗಳೂರಿನಲ್ಲಿ ಭಾನುವಾರ ಭಾನುವಾರ ಜನರನ್ನು ಗುಂಪು ಕಟ್ಟಿಕೊಂಡು ಹಳೇ ಬೀದಿಗಳನ್ನು ತೋರಿಸುವುದು ಅವಳ ಹವ್ಯಾಸ.

“ಅತ್ತೆ, ಮಾಲ್ ನೋಡೀ ನೋಡೀ ಜನಕ್ಕೆ ಬೇಜಾರಾಗಿದೆ. ನಿಮ್ಮ ಬೀದೀಲಿ ಎಷ್ಟು ಭಾಷೆ, ಎಷ್ಟು ಥರದ ಜನ! ನೀವೇ ಸುತ್ತಾಡಿಸಿ ತೋರಿಸ್ಬೇಕು.”

“ಅಯ್ಯೋ, ನಂಗೇನ್ ಬರುತ್ತಮ್ಮಾ?” ಎಂದೆ. ಹಾಗೆನ್ನುವಾಗಲೇ ಯಾವ ಸೀರೆ ಉಡುವುದೆಂದು ಯೋಚಿಸುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅವರು ಬಂದರು. ಎಲ್ಲರ ಕಾಲಲ್ಲೂ ಬೆಟ್ಟ ಹತ್ತುವಂಥ ಬೂಟು, ಕೈಯಲ್ಲಿ ನೀರಿನ ಬಾಟಲಿ. ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಲು ಬಾಯಾರಿಕೆಯಾಗುವಷ್ಟು ದೂರವಿಲ್ಲ. ಆದರೂ ಅವರು ಕುಡಿಯುತ್ತಲೇ ನಡೆದರು. ನಾನು ಮುಂದೆ ಮುಂದೆ. ಬಿ.ಎ. ಓದಿದ್ದು ಅಂದು ಮೊದಲ ಸಲ ಕೆಲಸಕ್ಕೆ ಬಂತು ಅನ್ನಿಸಿತು. ಗಂಗಾಧರಪ್ಪನವರು ಬಿಳಿ ಅಂಗಿ ಹಾಕಿ ಬಾಗಿಲಲ್ಲೇ ನಿಂತಿದ್ದರು. ಅವರ ಅಜ್ಜಿ ಹೊಳೆಗೆ ಹಾರಿದ್ದನ್ನು ನಾನು ಹೇಳುತ್ತಿದ್ದರೆ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು, ಹೊಳೆಯ ಅಗಲವನ್ನು ಒಮ್ಮೆ ತಿದ್ದಿದರು ಕೂಡ. ಸೆಲ್ವಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ದಸ್ತಗೀರ್ ಸಾಹೇಬರು ಬಣ್ಣದ ಕೈಗಳನ್ನು ತೋರಿಸಿ, “ಇದು ಹೋಗಲ್ಲ ಮೇಡಂ, ನಮ್ಮಪ್ಪಂದೂ ಹಿಂಗೇ ಇತ್ತು” ಎಂದರು. ಕೊನೆಯಲ್ಲಿ ಒಬ್ಬ ಹುಡುಗಿ ನನ್ನ ಮುಖದ ಮುಂದೆ ಫೋನು ಹಿಡಿದು, ಈ ಬೀದಿಯ ಮೂಲದವರು ಯಾರು ಎಂದು ಕೇಳಿದಳು. ಬೆಳಗಿನಿಂದ ಸಿಕ್ಕಿದ ಮರ್ಯಾದೆ ತಲೆಗೆ ಏರಿತ್ತು.

“ಮೂಲದವ್ರು ಯಾರೂ ಇಲ್ಲ ಕಣಮ್ಮ. ನಾನೂ ಬಂದೋಳು, ಗಂಗಾಧರಪ್ಪನೋರ ತಾತನೂ ಬಂದೋರು, ಸೆಲ್ವಿ ಮಾವನೋರೂ, ದಸ್ತಗೀರ್ ಸಾಬ್ರ ಮನೆಯೋರೂ. ಎಲ್ಲಾ ಬಂದೋರೇ!” ಎಂದು ಕೈ ಬೀಸಿ ಹೇಳಿದೆ. ಅವರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದು ಕೇಳಿದ ಮೇಲೆ ಇನ್ನೊಂದು ಸಲ ಹೇಳಿದೆ.

ಮೂರು ಗಂಟೆ ಸುತ್ತಾಡಿದ್ದರಲ್ಲಿ ಕಾವ್ಯಳ ಗುಂಪಿನವರು ಉಳಿಸಿಕೊಂಡಿದ್ದು ಅದೊಂದೇ ಮಾತು. ಅದನ್ನು ಫೋನಿನಿಂದ ಫೋನಿಗೆ ಹರಿಯಬಿಟ್ಟರು. ವಾರದೊಳಗೆ ಅದು ಬೆಂಗಳೂರು ಸುತ್ತಿ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಬಂದು, ನನ್ನ ಯಜಮಾನರ ಕೈಗೆ ಸಿಕ್ಕಿತು. ಅವರು ಅಂದು ನಿದ್ದೆ ಮಾಡಲಿಲ್ಲ. “ಏನೇ ಇದು, ಹಿಂಗ್ ಹೇಳ್ಬಿಟ್ಟಿದೀಯಾ?” ಎಂದರು. ಚೆನ್ನಾಗಿ ಕಾಣುತ್ತಿದ್ದೇನಾ ಎಂದು ನಾನು ಕೇಳಿದೆ.

ಆ ವೇಳೆಗೆ ಸರಿಯಾಗಿ ನಮ್ಮ ಬೀದಿಯ ಗುಡಿಯ ಸಮಿತಿಗೆ ಹೊಸ ಅಧ್ಯಕ್ಷರನ್ನು ಆರಿಸುವುದಿತ್ತು. ಗಂಗಾಧರಪ್ಪನವರು ನಿಂತಿದ್ದರು. ಬೀದಿಯಲ್ಲಿ ಒಡಿಶಾ, ಬಿಹಾರದಿಂದ ಬಂದು ಬಾಡಿಗೆಗೆ ಇರುವವರು ಹೆಚ್ಚಾದರು, ಹಳಬರ ಮಾತು ನಡೆಯಬೇಕಾದರೆ ಮೂಲದವರೇ ಅಧ್ಯಕ್ಷರಾಗಬೇಕು ಎಂಬುದು ಅವರ ವಾದ. ಅವರ ಮಗ್ಗ ನಡೆಸುವವರೆಲ್ಲ ಆ ಹೊರಗಿನವರೇ ಎಂಬುದು ಬೇರೆ ವಿಷಯ. ಸಭೆಯಲ್ಲಿ ಎದುರು ಪಾರ್ಟಿಯವನೊಬ್ಬ ಎದ್ದು ನಿಂತು ಫೋನಿನ ಸದ್ದು ಜೋರು ಮಾಡಿ ನನ್ನ ಮಾತು ಹಾಕಿದ. “ನೀವೂ ಗಾಡೀಲಿ ಬಂದೋರೇ ಅಂತಲ್ಲಾ ಯಜಮಾನ್ರೇ” ಎಂದ. ಜನ ನಕ್ಕರು. ಗಂಗಾಧರಪ್ಪನವರು ಸೋತರು.

ಮರುದಿನದಿಂದ ನನಗೆ ಸೀರೆ ಬರುವುದು ನಿಂತಿತು. ಮೊದಲು ಗಂಗಾಧರಪ್ಪನವರ ಮನೆಯಿಂದ, ಆಮೇಲೆ ಅವರ ನೆಂಟರ ಮನೆಗಳಿಂದ, ಆಮೇಲೆ ಯಾಕೆ ಎಂದು ಗೊತ್ತಿಲ್ಲದವರ ಮನೆಗಳಿಂದ. ನಾನು ಬೀದಿಯಲ್ಲಿ ಹೋದರೆ ಮಾತು ನಿಲ್ಲುತ್ತಿತ್ತು. ಮಗ್ಗಗಳ ಸದ್ದು ಮಾತ್ರ ನಿಲ್ಲಲಿಲ್ಲ, ಅವನ್ನು ನಡೆಸುವವರಿಗೆ ಕನ್ನಡದ ಜಗಳ ಪೂರಾ ಅರ್ಥವಾಗುತ್ತಿರಲಿಲ್ಲ.

ಸೆಲ್ವಿಯಾದರೂ ಬರುತ್ತಾಳೆಂದು ಕಾದೆ. ಬರಲಿಲ್ಲ. ನಾನೇ ಹೋದೆ. ಅವಳು ಬಾಗಿಲಲ್ಲೇ ನಿಂತಳು.

“ನಾನ್ ಹೇಳಿದ್ದು ನಿನ್ ಕಿವಿಗೆ ಕಣೇ ಪದ್ಮಾ, ಊರಿಗಲ್ಲ. ಮಗಳ ಮದುವೆ ಮಾತು ನಡೀತಾ ಐತೆ. ಮೈಸೂರಿನೋರಿಗೆ ನಾವು ಇಲ್ಲಿಯೋರೇ ಅಂತ ಹೇಳಿದ್ವಿ.”

“ಸುಳ್ಳು ಹೇಳಿದ್ರಾ?”

“ಅವ್ಳು ಹುಟ್ಟಿರೋದು ಇಲ್ಲೇ ಅಲ್ವೇನೇ? ಅದ್ರಲ್ಲಿ ಸುಳ್ಳೆಲ್ಲಿ ಬಂತು?” ಎಂದು ಬಾಗಿಲು ಹಾಕಿಕೊಂಡಳು.

ಕೋಪ ಬಂತು. ನಿಜ ಹೇಳಿದವರಿಗೆ ಈ ಕಾಲದಲ್ಲಿ ಬೆಲೆಯಿಲ್ಲ ಎಂದು ಒಬ್ಬಳೇ ಗೊಣಗಿಕೊಂಡು, ಇದಕ್ಕೆ ಹೂಂ ಅನ್ನುವವರು ಬೇಕೆನಿಸಿ ದಸ್ತಗೀರ್ ಸಾಹೇಬರ ಮನೆಗೆ ಹೋದೆ. ಅವರು ಯಾರ ಮೇಲೂ ರೇಗದ ಮನುಷ್ಯ. ಒಣಗಲು ಹಾಕಿದ್ದ ನೂಲಿನ ಕೆಳಗೆ ಸ್ಟೂಲು ಹಾಕಿ ನನ್ನನ್ನು ಕೂರಿಸಿದರು.

“ನೀವ್ ಸುಳ್ಳು ಹೇಳಿಲ್ಲ ಅಕ್ಕಾ,” ಎಂದರು. ನನಗೆ ಸಮಾಧಾನವಾಯಿತು. ಆದರೆ ಅವರ ಮಾತು ಮುಗಿದಿರಲಿಲ್ಲ. “ಗಂಗಾಧರಪ್ಪನೋರಿಗೆ ಒಂದು ಕುರ್ಚಿ ಹೋಯ್ತು, ಅಷ್ಟೇ. ಸೆಲ್ವಮ್ಮನ ಮಗಳಿಗೆ ಈ ಗಂಡು ತಪ್ಪಿದ್ರೆ ಬೇರೆ ಗಂಡು ಸಿಗ್ತಾನೆ. ನಿಮ್ಮನ್ನಂತೂ ನಾಳೆ ಯಾರೂ ನಿಮ್ಮೂರಿಗೆ ಹೋಗಿ ಅನ್ನಲ್ಲ. ನಮ್ಮನ್ನ ಅಂತಾರೆ. ಅಂದವ್ರಿಗೆ ನಾನು ಇಲ್ಲೇ ಹುಟ್ದೋನು, ನಮ್ಮಪ್ಪನ ಗೋರಿ ಇಲ್ಲೇ ಐತೆ ಅಂತ ಹೇಳ್ಕೊಂಡೇ ಇಷ್ಟು ದಿನ ಬಾಳಿದೀನಿ. ಮೊನ್ನೆ ನನ್ನ ಮೊಮ್ಮಗಳಿಗೆ ಸ್ಕೂಲಲ್ಲಿ ಯಾರೋ ನಿಮ್ಮ ವಿಡಿಯೋ ತೋರ್ಸಿ, ನೀನು ಬಂದೋಳಂತೆ, ಯಾವಾಗ ವಾಪಸ್ ಹೋಗ್ತೀಯಾ ಅಂದ್ರಂತೆ. ಅವ್ಳು ನನ್ನ ಕೇಳ್ತಾಳೆ, ಎಲ್ಲಿಗೆ ಹೋಗ್ಬೇಕು ದಾದಾ ಅಂತ.”

ನಾನು ಹೇಳಿದ ಒಂದೇ ಮಾತು ನನಗೆ ಚಪ್ಪಾಳೆಯಾಗಿತ್ತು, ಆ ಮಗುವಿಗೆ ಪ್ರಶ್ನೆಯಾಗಿತ್ತು. ಮನೆಗೆ ಬಂದು ಕಾವ್ಯಳಿಗೆ ಫೋನು ಮಾಡಿ ಆ ವಿಡಿಯೋ ತೆಗೆದುಹಾಕಿಸು ಎಂದೆ.

“ಅತ್ತೆ, ಎಷ್ಟು ಚೆನ್ನಾಗಿ ಓಡ್ತಾ ಇದೆ!” ಎಂದಳು. ನಾನು ಎಚ್ಚರವಾಗಿರುವಾಗಲೇ ತೆಲುಗಿನಲ್ಲಿ ಬೈದೆ. ತೆಗೆಸಿದಳು. ಆದರೆ ಎಲ್ಲರ ಫೋನಿನಲ್ಲೂ ಅದು ಆಗಲೇ ಇತ್ತು.

ಕೊನೆಗೆ ಗಂಗಾಧರಪ್ಪನವರ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ತೀರ್ಮಾನವನ್ನು ಮೊದಲೇ ಮಾಡಿಟ್ಟಿದ್ದರು: ನಾನು ಇನ್ನೊಂದು ವಿಡಿಯೋದಲ್ಲಿ ತಪ್ಪು ಒಪ್ಪಿಕೊಳ್ಳಬೇಕು. ದಸ್ತಗೀರ್ ಸಾಹೇಬರ ಮೊಮ್ಮಗಳ ಮುಖ ಕಣ್ಣಮುಂದೆ ಬಂತು, ಖಾಲಿ ಕುಳಿತ ನನ್ನ ಕೈಗಳೂ ಬಂದವು. ಯಾವುದು ಹೆಚ್ಚು ಎಂದು ನಾನು ತೂಗಿ ನೋಡಲಿಲ್ಲ, ಒಪ್ಪಿದೆ. ಗಂಗಾಧರಪ್ಪನವರ ಸೊಸೆ ಫೋನು ಹಿಡಿದಳು.

“ಈ ಬೀದಿಯೋರೆಲ್ಲಾ ಇಲ್ಲಿಯೋರೇ. ನಂಗೆ ಸರಿಯಾಗಿ ಗೊತ್ತಿರ್ಲಿಲ್ಲ. ಬಂದೋಳು ನಾನೊಬ್ಳೇ,” ಎಂದು ನೆಟ್ಟಗೆ ನಿಂತು ಹೇಳಿದೆ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೆಲ್ವಿ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಜಗಲಿಯ ಪಕ್ಕದಿಂದ ಬಸಂತಿ ಕಿಸಕ್ಕನೆ ನಕ್ಕಳು. ಬಸಂತಿ ಒಡಿಶಾದವಳು, ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ಗಂಡನೊಂದಿಗೆ ಬಾಡಿಗೆಗೆ ಇರುವವಳು. ಗಂಗಾಧರಪ್ಪನವರ ಶೆಡ್ಡಿನಲ್ಲೇ ನೂಲು ಸುತ್ತುತ್ತಾಳೆ. ಸೀರೆ ಬರುವುದು ನಿಂತ ಆ ದಿನಗಳಲ್ಲಿ ನನ್ನ ಮನೆಯ ಮೆಟ್ಟಿಲ ಮೇಲೆ ಬಂದು ಕೂತು, ಇಲ್ಲಿ ಕಲಿತ ಕನ್ನಡದಲ್ಲಿ ಮಾತಾಡಿಸುತ್ತಿದ್ದವಳು ಅವಳೊಬ್ಬಳೇ.

“ಅಕ್ಕಾ, ನೀವೊಬ್ರೇ ಬಂದೋರಾ? ಹಂಗಾದ್ರೆ ನಾನು ಇಲ್ಲೇ ಹುಟ್ಟಿದ್ದು!” ಎಂದಳು.

ಜಗಲಿಯ ತುಂಬ ನಗು. ಇಷ್ಟು ಜನರ ಮುಂದೆ ತಲೆ ತಗ್ಗಿಸಿದ್ದೂ ಅಲ್ಲದೆ ಇವಳ ಕೈಲೂ ನಗಿಸಿಕೊಳ್ಳಬೇಕೇ ಎಂದು ನನ್ನ ಮೈಯೆಲ್ಲ ಉರಿಯಿತು.

“ನೀನ್ ಸುಮ್ನಿರೇ! ನಾವ್ ನಾವ್ ಮಾತಾಡೋವಾಗ ನಿಂದೇನು ಮಧ್ಯ? ಎಲ್ಲಿಂದ್ಲೋ ಬಂದು ನಮ್ಮೂರಲ್ಲಿ ನಮಗೇ ಹೇಳ್ತೀಯಾ?” ಎಂದುಬಿಟ್ಟೆ.

ಗಂಗಾಧರಪ್ಪನವರು, ಎರಡು ತಿಂಗಳಿಂದ ನನ್ನ ಮುಖ ನೋಡದಿದ್ದವರು, ಪಕ್ಕಕ್ಕೆ ಸರಿದು ಜಗಲಿಯ ಮೇಲೆ ಜಾಗ ಮಾಡಿದರು.

“ಬಾರಮ್ಮಾ ಪದ್ಮಾ, ಕೂತ್ಕೋ. ಈಗ ನೋಡು, ಈಗ ನೀನು ನಮ್ಮ ಬೀದಿಯೋಳಾದೆ,” ಎಂದರು.

ಮದುವೆಯಾಗಿ ಬಂದಾಗಿನಿಂದ ಕೇಳಬೇಕೆಂದಿದ್ದ ಮಾತು ಅದು. ನಾನು ಹೋಗಿ ಕೂತೆ. ಒಳಗಿನಿಂದ ಕಾಫಿ ಬಂತು, ಜೊತೆಗೆ ಕುಚ್ಚು ಕಟ್ಟಲು ಎರಡು ಸೀರೆಯೂ ಬಂದವು. ಒಂದು ಸೀರೆಯ ಸೆರಗು ಬಿಡಿಸಿ, ಯಾವ ಬಣ್ಣದ ಕುಚ್ಚು ಹೊಂದುತ್ತದೆ ಎಂದು ಸೆಲ್ವಿಯೊಡನೆ ಗಂಭೀರವಾಗಿ ಚರ್ಚೆ ಮಾಡುತ್ತಿದ್ದೆ. ಬಸಂತಿ ಯಾವಾಗ ಎದ್ದು ಹೋದಳೋ, ನಾನು ನೋಡಲಿಲ್ಲ.